ಲಂಬಾಸಾದಿಂದ ಬಂದ ಹದಿನೆಂಟು ಮೊಟ್ಟೆ

ಕೊರೊನುಬು, ಬಾ ಜಿಲ್ಲೆ
2 ಸೆಪ್ಟೆಂಬರ್ 1979, ಭಾನುವಾರ

ಪ್ರೀತಿಯ ತಂಗಿ ಬಿಸುನಿಗೆ,

ನಿನ್ನ ದೀದಿಯ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಅಂದರೆ ನಿನ್ನ ಭಾವನ ಮಂಡಿನೋವು, ನನ್ನ ರಕ್ತದೊತ್ತಡ, ಸೊಸೆಯ ಮೌನ, ಇಷ್ಟನ್ನು ಬಿಟ್ಟು ಕ್ಷೇಮ.

ಮೊಟ್ಟೆ ತಲುಪಿ ತಿಂಗಳು ದಾಟಿತು, ಒಂದು ಸಾಲು ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ತಪ್ಪಾಯಿತು. ಆದರೆ ಕಾರಣ ಕೇಳು. ಮರಿ ಹೊರಬರುವವರೆಗೆ ನಿನಗೆ ಬರೆಯಬಾರದೆಂದೇ ಕುಳಿತಿದ್ದೆ. ಮಾಯಿ ಹೋದಾಗಿನಿಂದ ಅವಳ ಬಾತುಗಳು ನಿನ್ನ ಅಂಗಳದಲ್ಲೇ ಉಳಿದವು, ಅವಳ ಬೆಳ್ಳಿ ಕಡಗವೂ ನಿನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಹೆತ್ತವಳ ನೆನಪಿಗೆ ಆ ಬಾತುಗಳ ಸಂತತಿ ನನಗೂ ಒಂದಿಷ್ಟು ಇರಲಿ ಎಂದು ಹನ್ನೊಂದು ವರ್ಷ ಕೇಳಿದೆ. ಕೇಳಿದಾಗೆಲ್ಲ ‘ಹಡಗಿನಲ್ಲಿ ಒಡೆದುಹೋಗುತ್ತೆ ದೀದಿ’ ಎಂದವಳು ಈಗ ಒಮ್ಮೆಲೇ ಹದಿನೆಂಟು ಮೊಟ್ಟೆಗಳನ್ನು ಹೊಟ್ಟಿನಲ್ಲಿ ಒಂದೊಂದಾಗಿ ಹುದುಗಿಸಿ ಕಳಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಬೇಯಿಸಿ ಕಳಿಸಿದ್ದೀಯೇನೋ ಎಂದು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ.

ಹಡಗಿನಲ್ಲಿ ಮೂರು ಒಡೆದಿದ್ದವು. ಉಳಿದ ಹದಿನೈದಕ್ಕೆ ಕಾವು ಕೊಡಲು ನಮ್ಮಲ್ಲಿ ಬಾತಿಲ್ಲ. ಪಕ್ಕದ ಮನೆಯ ಅಂಗಮ್ಮನ ಹೇಂಟೆ ಕಾವಿಗೆ ಕೂತಿತ್ತು, ಅದನ್ನೇ ಕೇಳಿ ತಂದೆ. ಹೇಂಟೆ ಕೊಟ್ಟವರಿಗೆ ಎರಡು ಮರಿ ಕೊಡುವುದು ಇಲ್ಲಿನ ವಾಡಿಕೆ. ಅಂಗಮ್ಮ ನಕ್ಕು, “ಎರಡ್ಯಾಕಕ್ಕಾ, ಒಂದೇ ಸಾಕು. ನನ್ ಹೇಂಟೆಗೆ ಈಜೋ ಮಕ್ಳು ಹುಟ್ಟಿದ್ರೆ ಅದೇ ಅದ್ಕೊಂದು ಗೌರವ” ಎಂದಳು. ಎರಡು ಕೊಡುತ್ತೇನೆಂದರೆ ಒಂದು ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ. ಒಂದನ್ನು ಕೈಯಲ್ಲಿ ತೆಗೆದುಕೊಂಡು, ಮೂರನ್ನು ಸೆರಗಿನಲ್ಲಿ ಒಯ್ಯುವ ಜನ ಇರುತ್ತಾರೆ.

ಇಪ್ಪತ್ತೆಂಟು ದಿನ ಮುಗಿದರೂ ಸದ್ದಿಲ್ಲ. ನಿನಗೆ ಎಷ್ಟು ಬೈದೆನೆಂದು ಬರೆಯುವುದಿಲ್ಲ, ಲಂಬಾಸಾದಲ್ಲಿ ಕೂತ ನಿನಗೆ ಬಿಕ್ಕಳಿಕೆ ಬಂದಿರಬೇಕು. ಮೂವತ್ತನೆಯ ದಿನ ಬೆಳಿಗ್ಗೆ ಬುಟ್ಟಿಯೊಳಗೆ ಚಿಂವ್ ಚಿಂವ್. ಹನ್ನೊಂದು ಮರಿ, ಬಿಸುನಿ! ಮೈ ಹಳದಿ, ತಲೆಯ ಮೇಲೆ ಬೂದಿ ಬೊಟ್ಟು, ಥೇಟ್ ಮಾಯಿಯ ಬಾತುಗಳೇ. ನಾನು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟೆ. ನಿನ್ನ ಭಾವ ಮಾವಿನ ಮರದ ಕೆಳಗೆ ಗೆಳೆಯರೊಂದಿಗೆ ಆ ಯಂಗೋನ ಬೇರಿನ ಅಮಲು ರಸ ಕುಡಿಯುತ್ತ, “ನಾನು ಸತ್ರೂ ಇಷ್ಟು ಅಳಲ್ಲ ಇವ್ಳು” ಎಂದರು. ಗೆಳೆಯರೆಲ್ಲ ಚಪ್ಪಾಳೆ ತಟ್ಟಿ ನಕ್ಕರು.

ನಿನಗೆ ನೆನಪಿದೆಯಲ್ಲ, ಮಾಯಿ ಮೂರನೆಯ ದಿನಕ್ಕೇ ಮರಿಗಳನ್ನು ನೀರಿಗೆ ಬಿಡುತ್ತಿದ್ದಳು. ದೊಡ್ಡ ಬಾತು ಮುಂದೆ, ಮರಿಗಳು ಹಿಂದೆ ಸಾಲಾಗಿ, ನಾವಿಬ್ಬರೂ ಹೊಳೆಯ ದಡದಲ್ಲಿ. ಇಲ್ಲಿ ಹೊಳೆ ದೂರ. ಹಾಗಾಗಿ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿ ತೊಟ್ಟಿ ಮಾಡಿಸಿ, ಬಾವಿ ನೀರು ತುಂಬಿಸಿ, ಮೂರನೆಯ ದಿನ ಬೆಳಿಗ್ಗೆ ಹನ್ನೊಂದನ್ನೂ ಬಿಟ್ಟೆ. ಏನು ಈಜು, ಏನು ಸಂಭ್ರಮ! ಹೇಂಟೆ ಮಾತ್ರ ತೊಟ್ಟಿಯ ಸುತ್ತ ಕಿರುಚಿಕೊಂಡು ಓಡಿತು.

ಆಗ ನಮ್ಮ ಸೊಸೆ ಪ್ರೇಮಿಳಾ ಬಾಯಿ ತೆರೆದಳು. ಮದುವೆಯಾಗಿ ಎಂಟು ತಿಂಗಳಲ್ಲಿ ಎಂಟು ಮಾತಾಡದವಳು. “ಅಮ್ಮಾ, ಒಂದ್ ತಿಂಗ್ಳು ನೀರಿಗೆ ಬಿಡೋದು ಬೇಡ್ವೇನೋ. ಲೌಟೋಕಾದಲ್ಲಿ ನಮ್ಮ ಸೋದರತ್ತೆ ಮನೇಲಿ, ಕೋಳಿ ಕಾವಿಗೆ ಹುಟ್ಟಿದ್ ಬಾತನ್ನ ಬಿಡ್ತಿರ್ಲಿಲ್ಲ,” ಎಂದಳು. ದಿನಾ ಬಾವಿಯಿಂದ ನೀರು ಸೇದುವ ಕೆಲಸ ತಪ್ಪಿಸಿಕೊಳ್ಳುವ ಉಪಾಯ, ನನಗೆ ಅರ್ಥವಾಗುವುದಿಲ್ಲವೇ? ಲೌಟೋಕಾ ಪೇಟೆಯವಳು, ನಲ್ಲಿ ನೀರಿನಲ್ಲಿ ಬೆಳೆದವಳು. “ಬಾತಿಗೆ ನೀರು ಬೇಡ್ವಾ? ನಮ್ಮ ಮಾಯಿ ನಲವತ್ತು ವರ್ಷ ಬಾತು ಸಾಕಿದ್ಳು. ನೀನು ನಂಗೆ ಹೇಳ್ಕೊಡ್ತೀಯಾ?” ಎಂದೆ. ತಲೆ ತಗ್ಗಿಸಿ ಒಳಗೆ ಹೋದಳು. ಆ ತಗ್ಗಿಸಿದ ತಲೆಯಲ್ಲಿ ಏನು ಓಡುತ್ತದೆಂದು ಯಾರಿಗೆ ಗೊತ್ತು.

ಮೊನ್ನೆ ಸಂಜೆ ಎಣಿಸಿದರೆ ಹತ್ತೇ ಮರಿ. ಕೇಳಿದ್ದಕ್ಕೆ ಪ್ರೇಮಿಳಾ, “ಮುಂಗುಸಿ ಎತ್ಕೊಂಡ್ಹೋಯ್ತು ಅಮ್ಮಾ” ಎಂದಳು. ಕಬ್ಬಿನ ಗದ್ದೆಯಲ್ಲಿ ಮುಂಗುಸಿಗೆ ಬರವಿಲ್ಲ, ನಿಜ. ಆದರೆ ಒಂದು ಪುಕ್ಕ ಬಿದ್ದಿಲ್ಲ, ಒಂದು ಹನಿ ರಕ್ತವಿಲ್ಲ. ಅಷ್ಟು ಶುಚಿಯಾಗಿ ಊಟ ಮಾಡುವ ಮುಂಗುಸಿಯನ್ನು ನಾನು ಕಂಡಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ದೀದಿ,
ಸುರುಜಪತಿ

ಮರೆತಿದ್ದೆ: ನಿನ್ನ ಪತ್ರಗಳ ಲಕೋಟೆಗೆ ಅಂಟು ಸರಿಯಾಗಿ ಹಚ್ಚು. ಕಳೆದ ಸಲದ್ದು ಅರ್ಧ ಬಿಚ್ಚಿತ್ತು. ಬಿಚ್ಚಿದ್ದು ಯಾರೆಂದು ನೋಡುತ್ತಿದ್ದೇನೆ.

---

ಕೊರೊನುಬು
16 ಸೆಪ್ಟೆಂಬರ್ 1979, ಭಾನುವಾರ

ತಂಗಿ ಬಿಸುನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬುಧವಾರವೇ ಬಂತು. ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಮನೆಯಲ್ಲಿ ಕಾವಲು ಕಾಯುವವಳಿಗೆ ಬರೆಯಲು ಎಲ್ಲಿ ಪುರಸೊತ್ತು? ‘ದೀದಿ, ಎಲ್ಲರ ಮೇಲೂ ಅನುಮಾನಪಡಬೇಡ’ ಎಂದು ಬರೆದಿದ್ದೀಯ. ಹಾಗೆ ಬುದ್ಧಿ ಹೇಳುವವರ ಮೇಲೆಯೇ ನನಗೆ ಮೊದಲು ಅನುಮಾನ.

ಈಗ ಏಳು ಉಳಿದಿವೆ. ಹನ್ನೊಂದರಲ್ಲಿ ಏಳು. ಪ್ರತಿ ಸಲವೂ ಮುಂಗುಸಿ, ಪ್ರತಿ ಸಲವೂ ನಾನು ಮನೆಯಲ್ಲಿ ಇಲ್ಲದಾಗ. ನಾನು ಬೆಳಿಗ್ಗೆ ಮರಿಗಳಿಗೆ ಸ್ನಾನ ಮಾಡಿಸಿ, ಅರ್ಧ ಗಂಟೆ ಈಜಾಡಿಸಿ, ಪ್ರೇಮಿಳಾಳ ವಶಕ್ಕೆ ಕೊಟ್ಟು ಹುರುಳಿಕಾಯಿ ಬಿಡಿಸಲು ಗದ್ದೆಗೆ ಹೋಗುತ್ತೇನೆ. ಹಿಂತಿರುಗಿದರೆ ಒಂದು ಕಡಿಮೆ. ಮುಂಗುಸಿ ನನ್ನ ದಿನಚರಿ ಕೇಳಿಕೊಂಡು ಬರುತ್ತದೆಯೇ?

ನಾನು ಸುಮ್ಮನೆ ಕೂರುವವಳಲ್ಲ. ಮರಿಗಳ ಕಾಲಿಗೆ ಕೆಂಪು ದಾರ ಕಟ್ಟಿ ಗುರುತು ಮಾಡಿದೆ. ಅಂಗಮ್ಮನ ಅಂಗಳದಲ್ಲಿ ಹಳದಿ ಮರಿಯೊಂದು ಕಂಡಿತೆಂದು ಬೇಲಿ ದಾಟಿ ಹೋಗಿ ಹಿಡಿದೆ. ಕೋಳಿಮರಿ. “ಏನಕ್ಕಾ, ಅದರ ಕೊಕ್ಕು ಚಪ್ಪಟೆ ಮಾಡೋಕ್ ಬಂದ್ಯಾ?” ಎಂದಳು. ಬಾಯಿ ನೋಡು ಅವಳದು.

ಇದನ್ನೂ ಕೇಳು. ಪ್ರೇಮಿಳಾ ಈಗ ಹಗಲಲ್ಲೂ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳ ಮದುವೆಯ ಕೆಂಪು ಓಢಣಿ, ನಾನೇ ಬಾ ಪೇಟೆಯಲ್ಲಿ ಆರಿಸಿ ತಂದಿದ್ದು, ಅದರ ಅಂಚಿಗೆ ಹಳದಿ ನವಿರು ಅಂಟಿತ್ತು. ಮೂಸಿದೆ, ಬಾತಿನ ವಾಸನೆ. ಮರಿಗಳನ್ನು ಓಢಣಿಯಲ್ಲಿ ಮುಚ್ಚಿ ಎಲ್ಲಿಗೋ ಸಾಗಿಸುತ್ತಿದ್ದಾಳೆ. ಎಲ್ಲಿಗೆ? ನಾನು ಗದ್ದೆಗೆ ಹೋದೊಡನೆ ಅಂಗಮ್ಮ ಹಿತ್ತಲಿನಿಂದ ಬರುತ್ತಾಳೆಂದು ನಿನ್ನ ಭಾವನೇ ಬಾಯಿತಪ್ಪಿ ಹೇಳಿದರು. ಕೇಳಿದರೆ, “ಹೆಂಗಸ್ರು ಮಾತಾಡ್ಕೋತಾರೆ, ನಂಗೇನ್ಗೊತ್ತು? ಮರಿ ಎಣ್ಸೋದ್ ಬಿಟ್ಟು ನನ್ ಹಲ್ಲು ಎಣ್ಸು, ಅದೂ ಕಮ್ಮಿ ಆಗ್ತಿದೆ” ಎನ್ನುತ್ತಾರೆ. ಮೊನ್ನೆ ಬೆಳಿಗ್ಗೆ ಎದ್ದರೆ ನೀರಿನ ತೊಟ್ಟಿಯೇ ಬೋರಲು ಬಿದ್ದಿತ್ತು. ಅಂಗಮ್ಮನ ನಾಯಿಯ ಕೆಲಸ ಎಂದು ನಾನು ಬೈಯುತ್ತ ಮತ್ತೆ ತುಂಬಿಸಿದೆ.

ಕಡೆಗೆ ಶುಕ್ರವಾರ ಇಬ್ಬರನ್ನೂ ಅಂಗಳದ ಹನುಮಾನ್ ಬಾವುಟದ ಮುಂದೆ ನಿಲ್ಲಿಸಿದೆ. ಬಿದಿರು ಗಳ ಮುಟ್ಟಿ ಆಣೆ ಮಾಡಿ ಎಂದೆ. ಅಂಗಮ್ಮ ಸೊಂಟದ ಮೇಲೆ ಕೈಯಿಟ್ಟು, “ನಿನ್ ಬಾತಿಗೋಸ್ಕರ ದೇವರನ್ನ ಮುಟ್ಟಲ್ಲ ಹೋಗಕ್ಕಾ. ನನ್ ಹೇಂಟೆನ ಈಗ್ಲೇ ಬಗಲಲ್ಲಿಟ್ಕೊಂಡ್ ಹೋಗ್ತಿದ್ದೆ, ಆ ಮರಿಗಳ ಮುಖ ನೋಡಿ ಬಿಟ್ಟಿದೀನಿ” ಎಂದು ಹೊರಟೇಹೋದಳು. ಪ್ರೇಮಿಳಾ ಗಳ ಮುಟ್ಟಿ, “ನಾನು ಕದ್ದಿಲ್ಲ” ಎಂದಳು. ಅಷ್ಟೇ. ‘ನನಗೆ ಗೊತ್ತಿಲ್ಲ’ ಎನ್ನಲಿಲ್ಲ ನೋಡು. ನಾನು ಗಮನಿಸಿದೆ. ಮಗ ದೀಪು ಗಿರಣಿಯ ಪಾಳಿ ಮುಗಿಸಿ ಬಂದವನು, “ನಿಂಗೆ ಹುಚ್ಚು ಹಿಡಿದಿದೆ ಅಮ್ಮಾ” ಎಂದ. ಹೆಂಡತಿ ಕಡೆ ವಾಲಿದ್ದಾನೆ, ಬಿಡು.

ಮಂಗಳವಾರ ಎಲ್ಲಕ್ಕೂ ತೆರೆ ಎಳೆಯುತ್ತೇನೆ. ರಕ್ತದೊತ್ತಡ ನೋಡಿಸಲು ಬಾ ಪೇಟೆಯ ಆಸ್ಪತ್ರೆಗೆ ಹೋಗುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿದ್ದೇನೆ. ಬಸ್ಸನ್ನೂ ಹತ್ತುತ್ತೇನೆ. ಇಳಿಯುವುದು ಮಾತ್ರ ಎರಡನೆಯ ನಿಲ್ದಾಣದಲ್ಲಿ.

ಮಾಯಿಯ ಬಾತುಗಳನ್ನು ನನ್ನ ಕೈಯಿಂದ ಯಾರು ಕಿತ್ತುಕೊಳ್ಳುತ್ತಿದ್ದಾರೋ ಅವರನ್ನು ಬಿಡುವುದಿಲ್ಲ. ಮಾಯಿಯದೆಂದು ನನ್ನ ಹತ್ತಿರ ಬೇರೆ ಏನೂ ಇಲ್ಲ, ನಿನಗೇ ಗೊತ್ತು. ಅವಳ ಮುಖವನ್ನೂ ಕಡೆಗೆ ನೋಡಲಿಲ್ಲ. ನಿನ್ನ ತಂತಿ ಬಂದಾಗ ಚಿತೆಯ ಬೂದಿಯೂ ಆರಿತ್ತು. ಆ ಮಾತು ಈಗ ಬೇಡ.

ನಿನ್ನ ದೀದಿ,
ಸುರುಜಪತಿ

ಇನ್ನೊಂದು: ಹದಿನೆಂಟರಲ್ಲಿ ನಾಲ್ಕು ಮೊಟ್ಟೆ ಕಾವು ಕೊಟ್ಟರೂ ಮರಿಯಾಗಲಿಲ್ಲ. ಅವು ಹಳೆಯವು ಎಂದು ಕಳಿಸುವಾಗ ನಿನಗೆ ಗೊತ್ತಿತ್ತೇ?

---

ಕೊರೊನುಬು
7 ಅಕ್ಟೋಬರ್ 1979, ಭಾನುವಾರ

ನನ್ನ ಬಿಸುನಿಗೆ, ದೀದಿಯ ತುಂಬು ಹೃದಯದ ಆಶೀರ್ವಾದಗಳು.

ಮೂರು ವಾರ ಬರೆಯಲಿಲ್ಲ. ನಿನ್ನ ಎರಡು ಪತ್ರಗಳು ಟ್ರಂಕಿನ ಮೇಲೆ ಹಾಗೇ ಇವೆ. ಪುರಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಾಚಿಕೆಯಾಗಿತ್ತು. ಈಗಲೂ ಆಗುತ್ತಿದೆ, ಆದರೂ ಬರೆಯುತ್ತೇನೆ.

ಆ ಮಂಗಳವಾರ ಬೆಳಿಗ್ಗೆ ಚಳಿ ಗಾಳಿಯಿತ್ತು. ಎಂದಿನಂತೆ ಮರಿಗಳನ್ನು ತೊಟ್ಟಿಗೆ ಬಿಟ್ಟೆ, ತೆಗೆದು ಪ್ರೇಮಿಳಾಳ ಕೈಗೆ ಕೊಟ್ಟೆ, ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದೆ. ಎರಡನೆಯ ನಿಲ್ದಾಣದಲ್ಲಿ ಇಳಿದೆ. ಡ್ರೈವರ್, “ಏನ್ ಕಾಕೀ, ಆಸ್ಪತ್ರೆ ಇಲ್ಲಿಗೇ ಬಂತಾ?” ಎಂದ. ನಾನು ಕೇಳಿಸದವಳಂತೆ ನಡೆದೆ. ಕಬ್ಬಿನ ರೈಲಿನ ಹಳಿ ಹಿಡಿದು ಬಂದು, ನಮ್ಮ ಗದ್ದೆಯ ಹಿಂಭಾಗದಿಂದ ಕಬ್ಬಿನೊಳಗೆ ನುಗ್ಗಿದೆ. ಗರಿಗಳು ಮೊಣಕೈಯನ್ನೆಲ್ಲ ಕೊಯ್ದವು. ಐವತ್ತೆಂಟರ ಹೆಂಗಸು ತನ್ನ ಮನೆಗೇ ಕಳ್ಳಿಯಂತೆ ಬಂದಳೆಂದು ನಗು.

ಅಡುಗೆಮನೆಯ ಬಾಗಿಲು ಹಾಕಿತ್ತು. ತಗಡಿನ ಗೋಡೆಯಲ್ಲಿ ಮೊಳೆ ಕಿತ್ತ ತೂತಿದೆ. ಅಲ್ಲಿಂದ ನೋಡಿದೆ.

ಪ್ರೇಮಿಳಾ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಆ ಕೆಂಪು ಓಢಣಿ, ಅದರೊಳಗೆ ಮರಿಗಳು, ಎಲ್ಲವೂ ನೆನೆದು ಕಡ್ಡಿಯಾಗಿ ನಡುಗುತ್ತಿದ್ದವು. ಅಂಗಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಂದು ಮರಿಯನ್ನು ಅಂಗೈಯಲ್ಲಿಟ್ಟು ಉಜ್ಜುತ್ತಿದ್ದಳು, ಬಾಯಿಂದ ಬಿಸಿ ಉಸಿರು ಊದುತ್ತಿದ್ದಳು.

“ಇದು ಉಳಿಯಲ್ಲ ಕಣೇ,” ಎಂದಳು ಅಂಗಮ್ಮ.

“ಉಳಿಯತ್ತೆ. ಇನ್ನೊಂಚೂರು ಉಜ್ಜು ಅಕ್ಕಾ.”

“ಇಷ್ಟು ಪಾಡು ಯಾಕೆ? ನಾಳೆ ಆ ತೊಟ್ಟೀನ ಒದ್ದು ಉರುಳ್ಸು.”

“ಮೊನ್ನೆ ಉರುಳ್ಸಿದ್ದೆ. ನಿಮ್ಮ ನಾಯೀದು ಕೆಲಸ ಅಂತ ಮತ್ತೆ ತುಂಬ್ಸಿದ್ರು. ಬಿಸಿನೀರು ಬೆರೆಸ್ದೆ, ಅದನ್ನೂ ಚೆಲ್ಲಿ ಬಾವಿ ನೀರೇ ಹಾಕ್ಸಿದ್ರು.”

“ಹಾಗಾದ್ರೆ ಬಾಯ್ಬಿಟ್ಟು ಹೇಳು ನಿಮ್ಮತ್ತೆಗೆ. ಸುಮ್ನೆ ನನ್ನ ಕಳ್ಳಿ ಮಾಡ್ತಿದಾಳೆ ಊರೆಲ್ಲ.”

“ಹೆಂಗೆ ಹೇಳ್ಲಿ ಅಕ್ಕಾ? ದಿನಾ ಬೆಳಿಗ್ಗೆ ಅವ್ರು ಮರಿಗಳ ಹತ್ರ ‘ಮಾಯಿ, ಮಾಯಿ’ ಅಂತ ಮಾತಾಡ್ತಾರೆ. ಅವ್ರ ಕೈಯಿಂದ್ಲೇ ಸಾಯ್ತಿವೆ ಅಂತ ಗೊತ್ತಾದ್ರೆ ತಡ್ಕೋತಾರಾ? ಮುಂಗುಸಿ ಮೇಲೆ ಹೊರ್ಸಿದ್ರೆ ಮುಂಗುಸಿಗೇನು ಬೇಜಾರಾಗಲ್ಲ.”

ನಾನು ಬಾಗಿಲು ತಳ್ಳಿದೆ. ಇಬ್ಬರೂ ಎದ್ದು ನಿಂತರು. ಪ್ರೇಮಿಳಾ ಮರಿಗಳನ್ನು ಎದೆಗವಚಿಕೊಂಡಳು, ನಾನು ಹೊಡೆಯುತ್ತೇನೆಂದು ಹೆದರಿದವಳಂತೆ. ನನಗೆ ಅವಳ ಮುಖ ನೋಡಲಾಗಲಿಲ್ಲ. ಅಂಗಮ್ಮನೇ ಹೇಳಿದಳು, ಜಗಳದ ದನಿಯಲ್ಲಲ್ಲ, ಮಕ್ಕಳಿಗೆ ಹೇಳುವಂತೆ ಹೇಳಿದಳು: “ಅಕ್ಕಾ, ತಾಯಿ ಬಾತು ತನ್ನ ಬಾಲದ ಬುಡದ ಎಣ್ಣೇನ ಮರಿ ಮೈಗೆ ಹಚ್ಚುತ್ತೆ. ಅದಕ್ಕೇ ಅದರ ಮರಿ ನೀರಲ್ಲಿ ನೆನೆಯಲ್ಲ. ನನ್ ಹೇಂಟೆ ಎಲ್ಲಿಂದ ತರುತ್ತೆ ಆ ಎಣ್ಣೆ? ಅದಕ್ಕೆ ಗೊತ್ತಿರೋದು ಕಿರುಚೋದೊಂದೇ. ಅದೂ ದಿನಾ ಕಿರುಚ್ತು.”

ದೊಡ್ಡ ಬಾತು ಮುಂದೆ, ಮರಿಗಳು ಹಿಂದೆ. ನಾನು ಮರಿಗಳನ್ನಷ್ಟೇ ನೆನಪಿಟ್ಟುಕೊಂಡಿದ್ದೆ, ಬಿಸುನಿ. ಮುಂದೆ ಹೋಗುತ್ತಿದ್ದವಳನ್ನು ಮರೆತುಬಿಟ್ಟಿದ್ದೆ.

ಅಂಗಮ್ಮನ ಕೈಯಲ್ಲಿದ್ದ ಮರಿಯನ್ನು ಇಸಿದುಕೊಂಡೆ. ಅದರ ಕಾಲಿನಲ್ಲಿ ನಾನು ಕಟ್ಟಿದ ಕೆಂಪು ದಾರವಿತ್ತು. ಸ್ವಲ್ಪ ಹೊತ್ತಿಗೆ ಅದರ ಕುತ್ತಿಗೆ ನನ್ನ ಹೆಬ್ಬೆರಳ ಮೇಲೆ ಜೋತುಬಿತ್ತು. ಪ್ರೇಮಿಳಾ ನನ್ನನ್ನು ನಿಂಬೆ ಗಿಡದ ಹತ್ತಿರ ಕರೆದುಕೊಂಡು ಹೋದಳು. ಬುಡದಲ್ಲಿ ನಾಲ್ಕು ಪುಟ್ಟ ಗುಡ್ಡೆ, ಒಂದೊಂದರ ಮೇಲೂ ಒಂದೊಂದು ದಾಸವಾಳ. ಐದನೆಯದನ್ನು ನಾನೇ ತೋಡಿದೆ. “ಮೊದ್ಲನೇದಕ್ಕೇ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ, ಕೇಳಬಾರದಿತ್ತು. “ಅದಕ್ಕೂ ಮುಂಚೆನೇ ಹೇಳಿದ್ದೆ ಅಮ್ಮಾ,” ಎಂದಳು. ಹೌದು, ಹೇಳಿದ್ದಳು. ನಿನಗೆ ಬರೆದ ಮೊದಲ ಪತ್ರದಲ್ಲಿ ನಾನೇ ಅದನ್ನು ಬರೆದಿದ್ದೇನೆ, ಬೇಕಾದರೆ ತೆಗೆದು ನೋಡು.

ಆ ಸಂಜೆ ಬಾವುಟದ ಗಳ ಮುಟ್ಟಿ ಇಬ್ಬರ ಮುಂದೆಯೂ ನನ್ನ ತಪ್ಪು ಒಪ್ಪಿಕೊಂಡೆ. ದೀಪು ನೋಡುತ್ತಿದ್ದ, ನಿನ್ನ ಭಾವನ ಯಂಗೋನ ಗೆಳೆಯರೆಲ್ಲ ನೋಡುತ್ತಿದ್ದರು, ನೋಡಲಿ. ಅಂಗಮ್ಮ, “ಸರಿ ಅಕ್ಕಾ, ಇನ್ಮೇಲೆ ಒಂದು ಸಾಕು ಅನ್ನಲ್ಲ, ಎರಡೂ ಕೊಡು” ಎಂದಳು. ಮೂರು ಕೊಡುತ್ತೇನೆ ಎಂದೆ. “ಮೂರು ಕೊಡೋರ್ನ ನಾನು ನಂಬಲ್ಲ” ಎಂದು ನನ್ನ ಧಾಟಿಯಲ್ಲೇ ಅಣಕಿಸಿದಳು. ಎಷ್ಟೋ ದಿನಗಳ ಮೇಲೆ ನಮ್ಮ ಸೊಸೆ ನಕ್ಕಿದ್ದು ಕಂಡೆ.

ಆರು ಉಳಿದಿವೆ. ತುರಿದ ತೆಂಗಿನಕಾಯಿ, ಹೊಟ್ಟು, ಸೊಪ್ಪು ತಿಂದು ಗುಂಡಗಾಗಿವೆ. ರೆಕ್ಕೆಪುಕ್ಕ ಬಂದಿದೆ, ಕೊಕ್ಕಿನಿಂದ ತಮ್ಮ ಎಣ್ಣೆ ತಾವೇ ಹಚ್ಚಿಕೊಳ್ಳುತ್ತವೆ. ನಿನ್ನೆ ಪ್ರೇಮಿಳಾ ‘ಇನ್ನು ಬಿಡಬಹುದು’ ಎಂದ ಮೇಲೆ ಕಬ್ಬಿನ ಗದ್ದೆಯ ಕಾಲುವೆಗೆ ಬಿಟ್ಟೆವು. ನೀರು ಬೆನ್ನ ಮೇಲಿಂದ ಹನಿಯಾಗಿ ಜಾರಿತು. ಹೇಂಟೆ ದಡದಲ್ಲಿ ನಿಂತು ಎಂದಿನಂತೆ ಕಿರುಚಿತು. ಈ ಸಲ ಅದರ ಹತ್ತಿರ ಹೋಗಿ ಕೂತೆ.

ಮಕ್ಕಳಿಗೆ, ಮೊಮ್ಮಗಳಿಗೆ ಆಶೀರ್ವಾದ. ನಿನ್ನ ಮನೆ ತುಂಬಿರಲಿ, ನಿನ್ನ ಕೈ ಬೆಚ್ಚಗಿರಲಿ.

ನಿನ್ನ ದೀದಿ,
ಸುರುಜಪತಿ

ಸಹಿ ಹಾಕಿ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಕಾರ್ತಿಕ ಹುಣ್ಣಿಮೆ. ಹನ್ನೊಂದು ವರ್ಷದ ಹಿಂದೆ ಅದೇ ಹುಣ್ಣಿಮೆಗೆ ನಾನು ಲಂಬಾಸಾಕ್ಕೆ ಬಂದಿದ್ದೆ. ಬೆಳಗಿನ ಜಾವ ಮಾಯಿಯನ್ನು ಹೊಳೆಯ ಸ್ನಾನಕ್ಕೆ ಎಬ್ಬಿಸಿದೆ. ನೀನು ಬಾಗಿಲಿಗೆ ಅಡ್ಡ ನಿಂತು, “ಬೇಡ ದೀದಿ, ಮಾಯಿಗೆ ಎರಡು ದಿನದಿಂದ ಕೆಮ್ಮು, ಮೇಲೆ ಮಳೆ ನೀರು ಬಂದಿದೆ ಹೊಳೆಗೆ” ಎಂದಿದ್ದೆ. ನಾನೇನೆಂದೆ ನೆನಪಿದೆಯೇ? “ನೀನು ನಂಗೆ ಹೇಳ್ಕೊಡ್ತೀಯಾ?” ಎಂದೆ. ಕೈಹಿಡಿದು ಇಳಿಸಿ, ನನ್ನ ಕೈಯಾರೆ ಮೂರು ಚೊಂಬು ತಲೆಯ ಮೇಲೆ ಸುರಿದೆ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ನನಗಾಗಿ ನಗುತ್ತಿದ್ದಳು. ಮರುದಿನ ನಾನು ಹಡಗು ಹತ್ತಿದೆ. ಒಂಬತ್ತನೆಯ ದಿನ ಅವಳು ಹೋದಳು, ಹನ್ನೆರಡನೆಯ ದಿನ ನಿನ್ನ ತಂತಿ ಬಂತು. ಕಡಗದ ಆಸೆಗೆ ನೀನು ನನ್ನನ್ನು ದೂರ ಇಟ್ಟೆ ಎಂದು ಇಷ್ಟು ವರ್ಷ ಅಂದುಕೊಂಡೆ. ಮಾಯಿಗೆ ಏನಾಗಿತ್ತೆಂದು ನಾನು ಕೇಳಿದಾಗೆಲ್ಲ ನೀನು ‘ವಯಸ್ಸಾಗಿತ್ತು ದೀದಿ’ ಎಂದೆ. ಜ್ವರವಿತ್ತೇ, ನನ್ನನ್ನು ಕೇಳಿದಳೇ, ಒಂದನ್ನೂ ಹೇಳಲಿಲ್ಲ. ನಾನು ಬಂದಿದ್ದರೆ ಅವಳ ಎದೆಯ ಸದ್ದು ಕೇಳಿ ನನಗೆ ತಿಳಿಯುತ್ತಿತ್ತು. ಅದಕ್ಕೇ ತಂತಿ ತಡಮಾಡಿದೆಯಾ, ಬಿಸುನಿ? ನನ್ನ ಬೈಗುಳವನ್ನೆಲ್ಲ ಹನ್ನೊಂದು ವರ್ಷ ಅದಕ್ಕೇ ನುಂಗಿದೆಯಾ? ಬರೆ. ನಿಜವನ್ನೇ ಬರೆ, ತಡೆದುಕೊಳ್ಳುತ್ತೇನೆ. ವಯಸ್ಸಾಗಿತ್ತು ಎಂದು ಮಾತ್ರ ಬರೆಯಬೇಡ. ಮುಂಗುಸಿ ಈಗ ನನಗೆ ಗುರುತು ಸಿಗುತ್ತದೆ.